ಪರದೆಗೆ ತಟ್ಟಿದ ಚಪ್ಪಾಳೆ

ಕಿವಿಯಿಲ್ಲದ ಒಂದು ಬಿಳಿಯ ಪರದೆಗೆ ಸಾವಿರಾರು ಜನ ಸೇರಿ ಚಪ್ಪಾಳೆ ತಟ್ಟಿದರೆ ಅದಕ್ಕೆ ನೀವು ಏನೆನ್ನುತ್ತೀರಿ? ಹುಚ್ಚೆನ್ನುತ್ತೀರೋ, ಸಂಭ್ರಮವೆನ್ನುತ್ತೀರೋ? ಕೆಲವು ವರ್ಷಗಳ ಹಿಂದೆ ಹಾಗೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅಂದು ಮನಸ್ಸಿಗೆ ಬಂದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆದ್ದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಮೆರಿಕದ ಗುರುಗಳು ಬೇಸಿಗೆಯಲ್ಲಿ ರಜೆಗೆ ಹೋದಾಗ ನಮ್ಮ ದೇಶದ ಗುರುಗಳು ಅಲ್ಲಿಗೆ ಬದಲಿ ಸೇವೆಗೆ ಹೋಗುವುದುಂಟು. ನಾನು ಹೋಗಿದ್ದು ಓಹಾಯೋ ರಾಜ್ಯದ ಕೊಲಂಬಸ್ ನಗರಕ್ಕೆ. ಆ ಧರ್ಮಕೇಂದ್ರದಲ್ಲಿ ಸಂಗೀತದ ಟೀಚರಾಗಿ ನಿವೃತ್ತರಾದ ಒಬ್ಬ ವಿಧವೆ ಇದ್ದರು. ಒಂದು ದಿನ ಅವರು ಬಂದು, "ಫಾದರ್, ನನ್ನ ಬಳಿ ಎರಡು ಟಿಕೆಟ್ ಇವೆ. ಪ್ರತಿ ಬೇಸಿಗೆಯಲ್ಲಿಯೂ ಎರಡು ಕೊಳ್ಳುವುದು ನನಗೆ ರೂಢಿ. ಯಜಮಾನರು ಹೋದ ಮೇಲೂ ಕೈ ಒಂದು ಟಿಕೆಟ್ ಕೊಳ್ಳಲು ಒಪ್ಪುತ್ತಿಲ್ಲ" ಎಂದರು. ನಾನು ಇಲ್ಲವೆನ್ನಲಾಗಲಿಲ್ಲ.

ಚಿತ್ರ "ಸಿಂಗಿನ್ ಇನ್ ದ ರೇನ್". 1952ರಲ್ಲಿ ಎಂ.ಜಿ.ಎಂ. ಸಂಸ್ಥೆ ತಯಾರಿಸಿದ ಸಂಗೀತ ಚಿತ್ರ. ಅದನ್ನು ನಾನು ಗುರುಮಠದ ದಿನಗಳಲ್ಲಿ ಟಿ.ವಿ.ಯಲ್ಲಿ ಒಮ್ಮೆ, ಮುಂದೆ ಕಂಪ್ಯೂಟರಿನಲ್ಲಿ ಒಮ್ಮೆ ನೋಡಿದ್ದೆ. "ಗೊತ್ತಿರುವ ಚಿತ್ರ, ಎರಡು ಗಂಟೆ ಕುಳಿತು ಬಂದರಾಯಿತು" ಎಂದುಕೊಂಡು ಹೊರಟೆ.

ಆದರೆ ಆ ಚಿತ್ರ ನನಗೆ ಗೊತ್ತಿರಲಿಲ್ಲ ಎಂಬುದು ಅಲ್ಲಿ ಕುಳಿತ ಮೇಲೆ ತಿಳಿಯಿತು.

ಆ ಮಂದಿರ

ಮೊದಲು ಆ ಚಿತ್ರಮಂದಿರದ ವಿಷಯ ಹೇಳಬೇಕು. ಓಹಾಯೋ ಥಿಯೇಟರ್ ಕಟ್ಟಿದ್ದು 1928ರಲ್ಲಿ. ಥಾಮಸ್ ಲ್ಯಾಂಬ್ ಎಂಬ ವಾಸ್ತುಶಿಲ್ಪಿ ಅದನ್ನು ಅರಮನೆಯೊಂದರ ದರ್ಬಾರಿನಂತೆ ರೂಪಿಸಿದ. ಕೆಂಪು, ಬಂಗಾರದ ಬಣ್ಣಗಳು, ದೊಡ್ಡ ದೀಪಗುಚ್ಛ, ಸುಮಾರು 2,800 ಆಸನಗಳು. ಟಿ.ವಿ. ಬಂದು ಜನ ಮನೆಯಲ್ಲಿಯೇ ಉಳಿಯತೊಡಗಿದ ಮೇಲೆ 1969ರಲ್ಲಿ ಅದು ಬಾಗಿಲು ಮುಚ್ಚಿತು. ಅದನ್ನು ಕೆಡವಿ ಹಾಕುವ ಮಾತು ಬಂದಾಗ ಊರಿನ ಜನ ಸಂಘ ಕಟ್ಟಿ, ಹಣ ಕೂಡಿಸಿ ಅದನ್ನು ಉಳಿಸಿಕೊಂಡರು. ಅಲ್ಲಿ ಬೇಸಿಗೆಯಲ್ಲಿ ಹಳೆಯ ಚಿತ್ರಗಳನ್ನು ತೋರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಮೂಕಿಚಿತ್ರಗಳ ಕಾಲದ ರಾಬರ್ಟ್ ಮಾರ್ಟನ್ ಆರ್ಗನ್ ಕೂಡ ಹಾಗೆಯೇ ಉಳಿದಿದೆ. ಚಿತ್ರ ಶುರುವಾಗುವ ಮೊದಲು ಆರ್ಗನ್ ವಾದಕ ತನ್ನ ವಾದ್ಯದ ಸಮೇತ ವೇದಿಕೆಯ ಮುಂದಿನ ಹಳ್ಳದಿಂದ ಮೇಲೆದ್ದು ಬರುತ್ತಾನೆ. ಆಗಲೇ ಮೊದಲ ಚಪ್ಪಾಳೆ.

ಅದು ಸರಿಯೇ. ಅವನು ಜೀವಂತ ಮನುಷ್ಯ, ಅವನಿಗೆ ಕೇಳಿಸುತ್ತದೆ. ಆದರೆ ದೀಪಗಳು ಆರಿ ಪರದೆಯ ಮೇಲೆ ಹೆಸರುಗಳು ಮೂಡಿದಾಗಲೂ ಜನ ಚಪ್ಪಾಳೆ ತಟ್ಟಿದರು. ಜೀನ್ ಕೆಲ್ಲಿಯ ಹೆಸರಿಗೆ ತಟ್ಟಿದರು. ಡೊನಾಲ್ಡ್ ಓ'ಕಾನರ್ ಗೋಡೆಗಳ ಮೇಲೆ ಓಡಿ, ಲಾಗ ಹಾಕಿ, ನೆಲಕ್ಕೆ ಬಿದ್ದು ನಗಿಸುವ ನೃತ್ಯ ಮುಗಿದಾಗ ಇಡೀ ಮಂದಿರ ಗುಡುಗಿತು. ಆ ಗದ್ದಲದಲ್ಲಿ ಮುಂದಿನ ಮಾತುಗಳು ಯಾರಿಗೂ ಕೇಳಿಸಲಿಲ್ಲ. ನಾಟಕದ ನಟನಾಗಿದ್ದರೆ ಚಪ್ಪಾಳೆ ನಿಲ್ಲುವವರೆಗೆ ಕಾಯುತ್ತಿದ್ದ. ಪರದೆಯ ನಟ ಕಾಯುವುದಿಲ್ಲ. ನಾವು ನಕ್ಕರೂ ಅತ್ತರೂ ಅವನು 1951ರಲ್ಲಿ ಮಾಡಿದ್ದನ್ನೇ ಮಾಡುತ್ತಾನೆ.

ಯೋಚಿಸಿ ನೋಡಿ. ಜೀನ್ ಕೆಲ್ಲಿ ತೀರಿಕೊಂಡದ್ದು 1996ರಲ್ಲಿ, ಓ'ಕಾನರ್ 2003ರಲ್ಲಿ, ಡೆಬಿ ರೆನಾಲ್ಡ್ಸ್ 2016ರಲ್ಲಿ, ಕೆಲ್ಲಿಯ ಜೊತೆ ಚಿತ್ರವನ್ನು ನಿರ್ದೇಶಿಸಿದ ಸ್ಟ್ಯಾನ್ಲಿ ಡೋನೆನ್ 2019ರಲ್ಲಿ. ಕಥೆ ಬರೆದ ಬೆಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಇಬ್ಬರೂ ಈಗಿಲ್ಲ. ಹಾಗಾದರೆ ಆ ಚಪ್ಪಾಳೆ ಯಾರಿಗೆ? ಕೇಳುವವರಿಲ್ಲದ ಮೆಚ್ಚುಗೆಗೆ ಅರ್ಥವಿದೆಯೇ?

ಜೊತೆಯಿಲ್ಲದ ನಗು

ಈ ಪ್ರಶ್ನೆಗೆ ಮೊದಲ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದಲ್ಲಿ ಅಲ್ಲ, ನನ್ನ ತಾಯಿಯ ಬಾಯಿಂದ. ರಜೆಗೆ ಊರಿಗೆ ಹೋದಾಗಲೆಲ್ಲ ನೋಡುತ್ತೇನೆ, ತಮ್ಮ ಕೊಡಿಸಿದ ಮೊಬೈಲಿನಲ್ಲಿ ಅಮ್ಮ ಹಳೆಯ ಕನ್ನಡ ಚಿತ್ರಗಳನ್ನು ನೋಡುತ್ತಿರುತ್ತಾರೆ. ಒಮ್ಮೆ ನರಸಿಂಹರಾಜು ಅವರ ಹಾಸ್ಯದ ದೃಶ್ಯ ಬಂತು. ಟೂರಿಂಗ್ ಟಾಕೀಸಿನಲ್ಲಿ ಅದೇ ದೃಶ್ಯಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆನೆಂದು ಅಮ್ಮನೇ ನಮಗೆ ಎಷ್ಟೋ ಸಲ ಹೇಳಿದ್ದರು. ಈಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಯಾಕಮ್ಮಾ, ನಗು ಬರಲಿಲ್ಲವಾ?" ಎಂದೆ. "ಒಬ್ಬಳೇ ಕೂತು ನಕ್ಕರೆ ನೋಡಿದವರು ಏನಂತಾರೆ ಮಗಾ" ಎಂದರು.

ಫ್ರಾನ್ಸಿನ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗೆಗೆ ಒಂದು ಪುಸ್ತಕ ಬರೆದರು. ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಅದನ್ನು ಓದುವಾಗ ನಮಗೆ ಆಕಳಿಕೆ ಬರುತ್ತಿತ್ತು. ನಗುವಿಗೆ ಪ್ರತಿಧ್ವನಿ ಬೇಕು, ನಗು ಯಾವಾಗಲೂ ಒಂದು ಗುಂಪಿನದು ಎಂಬುದು ಅವರ ವಾದ. ಅದಕ್ಕೆ ಅವರು ಒಂದು ಕಥೆಯನ್ನೂ ಕೊಡುತ್ತಾರೆ. ಗುರುಗಳ ಪ್ರಬೋಧನೆ ಕೇಳಿ ದೇವಾಲಯದಲ್ಲಿ ಎಲ್ಲರೂ ಕಣ್ಣೀರಿಡುತ್ತಿದ್ದಾರೆ, ಒಬ್ಬ ಮಾತ್ರ ಸುಮ್ಮನೆ ನಿಂತಿದ್ದಾನೆ. ಏಕೆಂದು ಕೇಳಿದರೆ, ತಾನು ಈ ಧರ್ಮಕೇಂದ್ರದವನಲ್ಲ ಎನ್ನುತ್ತಾನೆ! ಅಳುವಿಗೆ ಈ ಮಾತು ಎಷ್ಟು ಸಲ್ಲುತ್ತದೆಯೋ ನಗುವಿಗೆ ಅದಕ್ಕಿಂತ ಹೆಚ್ಚು ಸಲ್ಲುತ್ತದೆ ಎಂದು ಬರ್ಗ್‌ಸನ್ ಹೇಳುತ್ತಾರೆ. ಮಂದಿರ ತುಂಬಿದಷ್ಟೂ ನಗು ಹೆಚ್ಚು.

ನನ್ನ ತಾಯಿ ಬರ್ಗ್‌ಸನ್‌ರನ್ನು ಓದಿಲ್ಲ. ಆದರೆ ತತ್ತ್ವ ಅದೇ. ಅಂದು ಆ ಮಂದಿರದಲ್ಲಿ ನನ್ನ ಎಡಗಡೆ ಒಂದು ಕುಟುಂಬ ಕುಳಿತಿತ್ತು. ಅಜ್ಜ, ಮಗಳು, ಏಳೆಂಟು ವರ್ಷದ ಮೊಮ್ಮಗ. ಮಳೆಯಲ್ಲಿ ಕೆಲ್ಲಿ ಕೊಡೆ ಮಡಿಸಿ, ಬೀದಿಯ ದೀಪದ ಕಂಬಕ್ಕೆ ಜೋತುಬಿದ್ದು, ನೀರಿನ ಗುಂಡಿಯಲ್ಲಿ ಮಗುವಿನಂತೆ ಕುಣಿಯುವ ಪ್ರಸಿದ್ಧ ದೃಶ್ಯ ಬಂದಾಗ ಅಜ್ಜ ಪರದೆಯನ್ನು ನೋಡುತ್ತಿರಲಿಲ್ಲ, ಮೊಮ್ಮಗನ ಮುಖವನ್ನು ನೋಡುತ್ತಿದ್ದ. ತನಗೆ ಒಮ್ಮೆ ದೊರೆತ ಸಂತೋಷ ಈಗ ಮೊಮ್ಮಗನಿಗೂ ದೊರೆಯುತ್ತಿದೆಯೇ ಎಂದು ನೋಡುತ್ತಿದ್ದ.

ಆದ್ದರಿಂದ ಆ ಚಪ್ಪಾಳೆಯ ಒಂದು ಭಾಗ ಪರದೆಗಲ್ಲ, ಪಕ್ಕದವರಿಗೆ. "ನನಗೂ ಸಿಕ್ಕಿತು, ನಿನಗೂ ಸಿಕ್ಕಿತಲ್ಲವೇ?" ಎಂದು ಕೈಗಳ ಮೂಲಕ ಕೇಳುವ ಮಾತು ಅದು. ಸಂತೋಷವನ್ನು ಹಂಚಿದರೆ ಅದು ಕಡಿಮೆಯಾಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಆದರೆ ಹಂಚದಿದ್ದರೆ ಅದು ಕೆಲವೊಮ್ಮೆ ಹುಟ್ಟುವುದೇ ಇಲ್ಲ ಎಂಬುದನ್ನು ನಾವು ಮರೆತಿದ್ದೇವೆ.

ಇನ್ನೊಂದು ಭಾಗ ನಿಜವಾಗಿಯೂ ತೀರಿಹೋದವರಿಗೆ. ಅದರಲ್ಲಿ ತಪ್ಪೇನೂ ಇಲ್ಲ. ಡೆಬಿ ರೆನಾಲ್ಡ್ಸ್‌ಗೆ ಈ ಚಿತ್ರ ಮಾಡುವಾಗ 19 ವರ್ಷ. ಆಕೆ ನೃತ್ಯ ಕಲಿತವಳಲ್ಲ, ಅಂಗಸಾಧನೆ ಮಾಡಿ ಬಂದ ಹುಡುಗಿ. ಒಂದು ನೃತ್ಯದ ಚಿತ್ರೀಕರಣ ಬೆಳಗಿನಿಂದ ರಾತ್ರಿಯವರೆಗೆ ನಡೆದು ಪಾದಗಳಿಂದ ರಕ್ತ ಸುರಿಯಿತೆಂದು ಆಕೆಯೇ ಮುಂದೆ ಹೇಳಿಕೊಂಡಳು. ಕೆಲ್ಲಿ ಮಳೆಯ ನೃತ್ಯ ಮಾಡಿದ್ದು ಸುಡುವ ಜ್ವರದಲ್ಲಿ ಎನ್ನುತ್ತಾರೆ. ಪಡೆದ ಉಪಕಾರವನ್ನು ನೆನೆಯುವುದು ಕೊಟ್ಟವನು ಬದುಕಿರುವವರೆಗೆ ಮಾತ್ರವೇ? ತಾತ ನೆಟ್ಟ ಮಾವಿನ ಹಣ್ಣು ತಿನ್ನುವಾಗ ತಾತನ ಹೆಸರು ಹೇಳುತ್ತೇವೆ. ತಾತನಿಗೆ ಅದು ಕೇಳಿಸಲಿ ಎಂದಲ್ಲ, ಹೇಳದಿದ್ದರೆ ನಾವು ಕೃತಘ್ನರಾಗುತ್ತೇವೆ ಎಂದು.

ಕಣ್ಣು ಮುಚ್ಚಿದ ಅಲಿಪಿಯುಸ್

ಇಲ್ಲಿಗೆ ಲೇಖನ ಮುಗಿಸಿದ್ದರೆ ನಿಮಗೂ ನನಗೂ ಸುಲಭವಾಗುತ್ತಿತ್ತು. ಒಟ್ಟಾಗಿ ನೋಡುವುದು ಒಳ್ಳೆಯದು, ಒಬ್ಬರೇ ನೋಡುವುದು ಕೆಟ್ಟದ್ದು, ಮೊಬೈಲ್ ಬಿಡಿ, ಮಂದಿರಕ್ಕೆ ನಡೆಯಿರಿ! ಆದರೆ ವಿಷಯ ಅಷ್ಟು ಸರಳವಲ್ಲ.

ಸಂತ ಅಗಸ್ಟಿನರು ತಮ್ಮ "ಅರಿಕೆಗಳು" ಗ್ರಂಥದಲ್ಲಿ ತಮ್ಮ ಗೆಳೆಯ ಅಲಿಪಿಯುಸನ ಒಂದು ಪ್ರಸಂಗವನ್ನು ಹೇಳುತ್ತಾರೆ. ಅಲಿಪಿಯುಸ್ ರೋಮಿನಲ್ಲಿ ಕಾನೂನು ಓದುತ್ತಿದ್ದ. ಮನುಷ್ಯರು ಕಾದಾಡಿ ಸಾಯುವ ಅಖಾಡದ ಆಟಗಳೆಂದರೆ ಅವನಿಗೆ ಹೇಸಿಗೆ. ಒಂದು ದಿನ ಗೆಳೆಯರು ಅವನನ್ನು ಬಲವಂತವಾಗಿ ಎಳೆದೊಯ್ದರು. ಅವನು ಕಣ್ಣು ಮುಚ್ಚಿ ಕುಳಿತ. ಯಾವನೋ ಒಬ್ಬ ಬಿದ್ದಾಗ ಇಡೀ ಸಭೆ ಒಮ್ಮೆಗೇ ಕೂಗಿತು. ಕಿವಿ ಮುಚ್ಚಿರಲಿಲ್ಲವಲ್ಲ! ಕುತೂಹಲ ತಡೆಯದೆ ಕಣ್ಣು ತೆರೆದ. ತೆರೆದದ್ದೇ ತಡ, ಆ ಕ್ರೌರ್ಯವನ್ನು ಪಾನಮಾಡಿದವನಂತೆ ಅಮಲೇರಿ ತಾನೂ ಕೂಗತೊಡಗಿದ. ಬಂದಾಗ ಇದ್ದ ಮನುಷ್ಯ ಅವನಾಗಿ ಉಳಿಯಲಿಲ್ಲ, ಗುಂಪಿನಲ್ಲಿ ಒಬ್ಬನಾಗಿಬಿಟ್ಟ.

ಗಮನಿಸಿ, ಅಲಿಪಿಯುಸನನ್ನು ಕೆಡಿಸಿದ್ದು ಕಣ್ಣು ಕಂಡದ್ದಕ್ಕಿಂತ ಮೊದಲು ಕಿವಿ ಕೇಳಿದ್ದು, ಅಂದರೆ ಸಭೆಯ ಕೂಗು. ಅಜ್ಜ ಮೊಮ್ಮಗರನ್ನು ಒಂದುಗೂಡಿಸುವ ಶಕ್ತಿ ಮತ್ತು ಅಲಿಪಿಯುಸನನ್ನು ಬೀಳಿಸಿದ ಶಕ್ತಿ ಎರಡೂ ಒಂದೇ. ನಾಲ್ಕು ಜನರ ಜೊತೆಯಲ್ಲಿ ನಾವು ನಮಗಿಂತ ದೊಡ್ಡವರಾಗುತ್ತೇವೆ. ಅದೇ ನಾಲ್ಕು ಜನರ ಜೊತೆಯಲ್ಲಿ ನಮಗಿಂತ ಸಣ್ಣವರೂ ಆಗುತ್ತೇವೆ.

ಅಖಾಡವೆಲ್ಲಿ, ಹಾಡು ನೃತ್ಯಗಳ ಚಿತ್ರವೆಲ್ಲಿ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ, ಕೊನೆಯ ದೃಶ್ಯದವರೆಗೆ.

ಪರದೆ ಸರಿದಾಗ

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕಾಲ 1927. "ದ ಜಾಝ್ ಸಿಂಗರ್" ಎಂಬ ಚಿತ್ರ ಬಂದು ಮೂಕಿಚಿತ್ರಗಳ ಯುಗ ಮುಗಿಯುತ್ತಿರುವ ಸಮಯ. ಡಾನ್ ಲಾಕ್‌ವುಡ್, ಲೀನಾ ಲಮಾಂಟ್ ಹೆಸರುವಾಸಿ ಜೋಡಿ. ಲೀನಾ ರೂಪವತಿ, ಆದರೆ ಕಂಠ ಕರ್ಕಶ. ಮಾತನಾಡುವ ಚಿತ್ರ ಮಾಡಹೊರಟಾಗ ಪಜೀತಿಯಾಗುತ್ತದೆ. ಆಗ ಕ್ಯಾಥಿ ಎಂಬ ಬಡ ನಟಿ ಲೀನಾಳ ಮಾತಿಗೂ ಹಾಡಿಗೂ ಮರೆಯಲ್ಲಿ ನಿಂತು ದನಿ ಕೊಡುತ್ತಾಳೆ. ಚಿತ್ರ ಗೆಲ್ಲುತ್ತದೆ. ಲೀನಾ ಕ್ಯಾಥಿಯನ್ನು ಎಂದೆಂದಿಗೂ ತೆರೆಮರೆಯಲ್ಲೇ ಇರಿಸಲು ಹೊಂಚು ಹಾಕುತ್ತಾಳೆ. ಕೊನೆಗೆ, ಪ್ರಥಮ ಪ್ರದರ್ಶನದ ರಾತ್ರಿ ಸಭೆಯವರು ಲೀನಾ ಅಲ್ಲಿಯೇ ಹಾಡಬೇಕೆಂದು ಪಟ್ಟು ಹಿಡಿಯುತ್ತಾರೆ. ಮುಂದೆ ಲೀನಾ ತುಟಿ ಆಡಿಸುತ್ತಾಳೆ, ಹಿಂದೆ ಪರದೆಯ ಮರೆಯಲ್ಲಿ ಕ್ಯಾಥಿ ಹಾಡುತ್ತಾಳೆ. ಡಾನ್ ಮತ್ತು ಅವನ ಸಂಗಡಿಗರು ಹಗ್ಗ ಎಳೆದು ಪರದೆ ಸರಿಸುತ್ತಾರೆ. ಸತ್ಯ ಬಯಲಾಗುತ್ತದೆ.

ಪರದೆಯ ಮೇಲಿನ ಸಭೆ ನಕ್ಕಿತು. ಪರದೆಯ ಮುಂದೆ ಕುಳಿತ ನಾವೂ ನಕ್ಕೆವು. ಎರಡು ಸಭೆಗಳ ನಗು ಒಂದಾಯಿತು. ಲೀನಾ ಗಾಬರಿಬಿದ್ದು ಓಡಿಹೋದಳು, ನಾವು ಇನ್ನೂ ಜೋರಾಗಿ ನಕ್ಕೆವು. ಮನೆಯಲ್ಲಿ ಒಬ್ಬನೇ ನೋಡಿದ್ದ ಎರಡು ಸಲವೂ ನಾನು ಆ ದೃಶ್ಯಕ್ಕೆ ನಕ್ಕಿರಲಿಲ್ಲ, ಸುಮ್ಮನೆ ಮುಗುಳ್ನಕ್ಕಿದ್ದೆ. ಇಂದು ಸಾವಿರಾರು ಜನರ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗುತ್ತಲೇ ಬಲಗಡೆಗೆ ತಿರುಗಿದೆ. ಆ ಟೀಚರಮ್ಮ ನಗುತ್ತಿರಲಿಲ್ಲ. ಮಡಿಲಲ್ಲಿ ಕೈ ಕಟ್ಟಿಕೊಂಡು ಕುಳಿತಿದ್ದರು.

ಹಿಂತಿರುಗುವಾಗ ಕಾರಿನಲ್ಲಿ ಕೇಳಿದೆ. ಅವರು ಹೇಳಿದ್ದು ಇಷ್ಟು: "ನಲವತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿದೆ ಫಾದರ್. ದನಿ ಚೆನ್ನಾಗಿಲ್ಲದ ಮಕ್ಕಳೇ ಹೆಚ್ಚು. ಅವರ ಮೇಲೆ ತರಗತಿ ನಕ್ಕರೆ ಏನಾಗುತ್ತದೆಂದು ನನಗೆ ಗೊತ್ತು. ಲೀನಾ ಕೆಟ್ಟವಳು, ಒಪ್ಪುತ್ತೇನೆ. ಅವಳ ಮೋಸ ಬಯಲಾಗಲೇಬೇಕು. ಆದರೆ ಜನ ನಕ್ಕಿದ್ದು ಅವಳ ಮೋಸಕ್ಕಲ್ಲ, ಅವಳ ದನಿಗೆ."

ನನಗೆ ಉತ್ತರ ಹೊಳೆಯಲಿಲ್ಲ. ಆ ಒಂದು ಮಾತಿನಲ್ಲಿ ನೀತಿಶಾಸ್ತ್ರದ ದೊಡ್ಡ ಭೇದವೊಂದಿದೆ. ತಪ್ಪನ್ನು ಬಯಲು ಮಾಡುವುದು ನ್ಯಾಯ. ತಪ್ಪು ಮಾಡಿದವನ ಊನವನ್ನು ಆಡಿಕೊಳ್ಳುವುದು ನ್ಯಾಯದ ವೇಷ ತೊಟ್ಟ ಕ್ರೌರ್ಯ. ಒಬ್ಬನೇ ಇದ್ದಾಗ ಈ ಭೇದ ನಮಗೆ ಕಾಣುತ್ತದೆ. ಗುಂಪಿನಲ್ಲಿ ಕಾಣುವುದಿಲ್ಲ. ನಗುವ ಹೊತ್ತಿಗೆ ಹೃದಯಕ್ಕೆ ಕ್ಷಣಕಾಲ ಮರವು ಕವಿದಿರಬೇಕು, ಮರುಕವಿದ್ದಲ್ಲಿ ನಗು ಹುಟ್ಟದು ಎಂದು ಬರ್ಗ್‌ಸನ್ ಹೇಳಿದ್ದು ಆಗ ನೆನಪಾಯಿತು. ಆ ಮರವು ಆಟದ ಮಟ್ಟಿಗೆ ಇದ್ದರೆ ಚಿಂತೆಯಿಲ್ಲ. ಮಂದಿರದಿಂದ ಹೊರಬಂದ ಮೇಲೂ ಅದು ಇಳಿಯದಿದ್ದರೆ?

ದನಿ ಯಾರದು?

ಟೀಚರಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೊಂದು ಗುಟ್ಟು ಗೊತ್ತೇ?" ಎಂದರು. ಆ ಗುಟ್ಟು ಚಲನಚಿತ್ರದ ಚರಿತ್ರೆ ಓದಿದವರಿಗೆ ಗೊತ್ತಿರುವುದೇ. ನನಗೆ ಮಾತ್ರ ಅಂದು ಸಿಡಿಲು ಬಡಿದಂತಾಯಿತು.

ಚಿತ್ರದಲ್ಲಿ ಕ್ಯಾಥಿ ಲೀನಾಗಾಗಿ ಸಂಭಾಷಣೆಗೆ ದನಿ ಕೊಡುವ ದೃಶ್ಯವಿದೆ. ಇಂಪಾದ, ತುಂಬುಕಂಠದ ಮಾತು. ಅದು ಕ್ಯಾಥಿಯ ಪಾತ್ರ ಮಾಡಿದ ಡೆಬಿ ರೆನಾಲ್ಡ್ಸ್‌ಳ ದನಿಯಲ್ಲ. ಅದು ಲೀನಾಳ ಪಾತ್ರ ಮಾಡಿದ ಜೀನ್ ಹೇಗನ್‌ಳ ಸ್ವಂತ ದನಿ! ಕರ್ಕಶ ಕಂಠವೆಂದು ನಾವು ಯಾರನ್ನು ನೋಡಿ ನಕ್ಕೆವೋ ಅವಳದೇ ಆ ಮಧುರ ಕಂಠ. ಕರ್ಕಶ ದನಿ ಅವಳ ಅಭಿನಯ. ಆ ಪಾತ್ರಕ್ಕಾಗಿ ಜೀನ್ ಹೇಗನ್ ಪೋಷಕ ನಟಿಯ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದಳು.

ಇನ್ನು ಚಿತ್ರದಲ್ಲಿ ಕ್ಯಾಥಿ ಲೀನಾಗಾಗಿ ಹಾಡುವ ಒಂದು ಪ್ರೇಮಗೀತೆ. ಅದನ್ನು ಹಾಡಿದವಳು ಡೆಬಿಯೂ ಅಲ್ಲ, ಜೀನ್ ಕೂಡ ಅಲ್ಲ. ಬೆಟಿ ನೋಯ್ಸ್ ಎಂಬ ಗಾಯಕಿ. ತೆರೆಮರೆಯ ಗಾಯಕಿಗೆ ನ್ಯಾಯ ದೊರಕಿಸುವ ಕಥೆಯ ಚಿತ್ರದಲ್ಲಿಯೇ ತೆರೆಮರೆಯ ಗಾಯಕಿಯ ಹೆಸರು ಹಾಕಲಿಲ್ಲ. ಆ ರಾತ್ರಿ ನಾವು ಎಲ್ಲ ಹೆಸರುಗಳಿಗೂ ಚಪ್ಪಾಳೆ ತಟ್ಟಿದೆವು. ಅವಳ ಹೆಸರು ಮಾತ್ರ ಅಲ್ಲಿರಲಿಲ್ಲ.

ಇದು ಒಂದು ಚಿತ್ರದ ಕಥೆಯಲ್ಲ. ಮಾರ್ನಿ ನಿಕ್ಸನ್ ಎಂಬಾಕೆ "ದ ಕಿಂಗ್ ಅಂಡ್ ಐ" (1956) ಚಿತ್ರದಲ್ಲಿ ಡೆಬೊರಾ ಕೆರ್‌ಗೆ, "ವೆಸ್ಟ್ ಸೈಡ್ ಸ್ಟೋರಿ" (1961) ಚಿತ್ರದಲ್ಲಿ ನಟಾಲಿ ವುಡ್‌ಗೆ, "ಮೈ ಫೇರ್ ಲೇಡಿ" (1964) ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್‌ಗೆ ಹಾಡಿದಳು. ಮೂರರಲ್ಲಿಯೂ ಅವಳ ಹೆಸರಿಲ್ಲ. "ವೆಸ್ಟ್ ಸೈಡ್ ಸ್ಟೋರಿ"ಯ ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೈನ್ ತನಗೆ ಬರಬೇಕಾದ ಗೌರವಧನದಲ್ಲಿ ಒಂದು ಸಣ್ಣ ಪಾಲನ್ನು ಅವಳಿಗೆ ಬಿಟ್ಟುಕೊಟ್ಟ. ಕಾನೂನು ಕೇಳದಿದ್ದರೂ ಒಬ್ಬನ ಮನಸ್ಸಾಕ್ಷಿ ಕೇಳಿತು. ಅವಳ ಮುಖ ಪರದೆಯ ಮೇಲೆ ಕಂಡದ್ದು "ದ ಸೌಂಡ್ ಆಫ್ ಮ್ಯೂಸಿಕ್" (1965) ಚಿತ್ರದಲ್ಲಿ, ಕನ್ಯಾಮಠದ ಒಬ್ಬ ಸಿಸ್ಟರ್ ಆಗಿ, ಸಣ್ಣ ಪಾತ್ರದಲ್ಲಿ.

ಹಾಗಾದರೆ ಒಬ್ಬರಿಗೆ ಇನ್ನೊಬ್ಬರು ದನಿ ಕೊಡುವುದೇ ಸುಳ್ಳೇ? ಹಾಗೆನ್ನಲಾಗದು. ಕನ್ನಡಿಗರಾದ ನಮಗೆ ಇದು ಚೆನ್ನಾಗಿ ಗೊತ್ತು. ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಪಿ. ಬಿ. ಶ್ರೀನಿವಾಸ್ ಹಾಡಿದರು. ಅದರಿಂದ ಮೋಸವಾಯಿತೆಂದು ಯಾರೂ ದೂರಲಿಲ್ಲ. ತಾವು ಬರಿಯ ಶರೀರ, ಶ್ರೀನಿವಾಸ್ ತಮ್ಮ ಶಾರೀರ ಎಂದು ರಾಜ್‌ಕುಮಾರ್ ಅವರೇ ಹೇಳುತ್ತಿದ್ದುದು ಪ್ರಸಿದ್ಧ. ನಮ್ಮ ದೇಶದಲ್ಲಿಯೂ ಮೊದಲು ಹೀಗಿರಲಿಲ್ಲ. 1949ರ "ಮಹಲ್" ಹಿಂದಿ ಚಿತ್ರದ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಕಥೆಯ ಪಾತ್ರವಾದ ಕಾಮಿನಿಯ ಹೆಸರು ಅಚ್ಚಾಗಿತ್ತು. ಹಾಡಿದವರ ಹೆಸರು ಹಾಕುವ ಪದ್ಧತಿ ಬಂದ ಮೇಲೆ ಅದೇ ಕೆಲಸ ಸುಳ್ಳಾಗದೆ ಕಲೆಯಾಯಿತು.

ನಮ್ಮ ಭಾಷೆಯಲ್ಲಿ ಇದಕ್ಕೆ "ಕಂಠದಾನ" ಎಂಬ ಸೊಗಸಾದ ಹೆಸರಿದೆ. ದಾನ ಎಂದ ಮೇಲೆ ಕೊಟ್ಟವರೊಬ್ಬರು ಇರಲೇಬೇಕು. ದಾನಿಯ ಹೆಸರನ್ನು ಅಳಿಸಿಹಾಕಿದರೆ ದಾನವೇ ಕಳವಾಗುತ್ತದೆ. ಆಟದಲ್ಲಿ ಒಬ್ಬ ಇನ್ನೊಬ್ಬನಂತೆ ನಟಿಸುತ್ತಾನೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಅದು ಸುಳ್ಳಲ್ಲ. ಗೊತ್ತಾಗಬಾರದೆಂದು ಮುಚ್ಚಿಟ್ಟಾಗ, ಮುಚ್ಚಿಟ್ಟದ್ದರಿಂದ ಒಬ್ಬರ ಪಾಲು ಇನ್ನೊಬ್ಬರಿಗೆ ಹೋದಾಗ ಅದು ಸುಳ್ಳಾಗುತ್ತದೆ.

ಇದು ಚಿತ್ರರಂಗದ ಮಾತು ಮಾತ್ರವಲ್ಲ. ನಿಮ್ಮ ಮನೆಯಲ್ಲಿ ನೆಂಟರು ಊಟ ಮಾಡಿ "ಅಡುಗೆ ಬಹಳ ಚೆನ್ನಾಗಿತ್ತು" ಎಂದಾಗ, ಅಡುಗೆಮನೆಯಲ್ಲಿ ಬೆವರು ಸುರಿಸಿದವರ ಹೆಸರು ಹೇಳುತ್ತೀರಾ? ಕಚೇರಿಯಲ್ಲಿ ಕೈಕೆಳಗಿನವರು ಬರೆದ ವರದಿಯನ್ನು ಯಾರ ಹೆಸರಿನಲ್ಲಿ ಒಪ್ಪಿಸುತ್ತೀರಿ? ನನ್ನನ್ನೂ ಬಿಡುವುದಿಲ್ಲ. ಹಬ್ಬ ಚೆನ್ನಾಗಿ ನಡೆಯಿತೆಂದು ಜನ ಗುರುಗಳಿಗೆ ಹಾರ ಹಾಕುತ್ತಾರೆ. ರಾತ್ರಿಯಿಡೀ ಚಪ್ಪರ ಕಟ್ಟಿದವರು ಆಗ ಎಲ್ಲಿರುತ್ತಾರೆ?

ಸಂತ ತೋಮಾಸರ ಮೂರು ಎಚ್ಚರಿಕೆ

ಇಷ್ಟು ಓದಿ "ಈ ಫಾದರ್ ಒಂದು ಒಳ್ಳೆಯ ಚಿತ್ರವನ್ನೂ ನಗುನಗುತ್ತಾ ನೋಡಲು ಬಿಡುವುದಿಲ್ಲವಲ್ಲ" ಎಂದು ನೀವು ಬೇಸರಿಸಬಾರದು. ನಗುವ ಪರವಾಗಿ ನನಗಿಂತ ದೊಡ್ಡವರೇ ಮಾತನಾಡಿದ್ದಾರೆ. ಸಂತ ತೋಮಾಸ್ ಅಕ್ವಿನಾಸರ "ಸುಮ್ಮಾ" ಎಂದರೆ ಒಣ ತರ್ಕದ ಪುಸ್ತಕವೆಂಬ ಭಾವನೆ ಹಲವರಲ್ಲಿದೆ. ಆದರೆ ಅದರಲ್ಲಿ ಆಟ ವಿನೋದಗಳ ಬಗೆಗೇ ಒಂದು ಪ್ರಶ್ನೆಯಿದೆ. ದೇಹಕ್ಕೆ ದಣಿವಾದಾಗ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ಬೇಕು, ಮನಸ್ಸಿನ ವಿಶ್ರಾಂತಿಯೇ ವಿನೋದ ಎಂದು ಅವರು ವಾದಿಸುತ್ತಾರೆ. ಸದಾ ಬಗ್ಗಿಸಿಟ್ಟ ಬಿಲ್ಲು ಮುರಿಯುತ್ತದೆ ಎಂಬ ಹಳೆಯ ದೃಷ್ಟಾಂತವನ್ನೂ ಕೊಡುತ್ತಾರೆ. ನಟರ ವೃತ್ತಿ ತನ್ನಷ್ಟಕ್ಕೆ ತಪ್ಪಲ್ಲ ಎನ್ನುತ್ತಾರೆ. ಅಷ್ಟೇ ಅಲ್ಲ, ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವ ಬಿಗಿಮೋರೆಯನ್ನು ದೋಷವೆಂದೇ ಕರೆಯುತ್ತಾರೆ!

ಅದರ ಜೊತೆಗೆ ಮೂರು ಎಚ್ಚರಿಕೆಗಳನ್ನೂ ಕೊಡುತ್ತಾರೆ. ವಿನೋದವು ಅಶ್ಲೀಲವಾದ, ಇತರರನ್ನು ನೋಯಿಸುವ ಮಾತು ಕೃತಿಗಳಲ್ಲಿ ಇರಬಾರದು. ಅದರಲ್ಲಿ ಮನಸ್ಸು ತನ್ನ ಹತೋಟಿಯನ್ನು ಪೂರ್ತಿಯಾಗಿ ಕಳೆದುಕೊಳ್ಳಬಾರದು. ಅದು ಸಮಯಕ್ಕೆ, ಸ್ಥಳಕ್ಕೆ, ವ್ಯಕ್ತಿಗೆ ತಕ್ಕಂತಿರಬೇಕು. ಎರಡನೆಯ ಎಚ್ಚರಿಕೆಯೇ ಅಲಿಪಿಯುಸನಿಗೆ ಬೇಕಾಗಿದ್ದುದು. ಮೊದಲನೆಯದು ಅಂದು ನನಗೆ ಬೇಕಾಗಿದ್ದುದು.

ಎರಡನೇ ಚರಣ

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಲೀನಾ ಕಟ್ಟುಕಥೆಯ ಪಾತ್ರ, ಅವಳಿಗೆ ನೋವಾಗುವುದಿಲ್ಲ. ಆದರೆ ನೋವಾದ ಒಬ್ಬರು ನನಗೆ ಗೊತ್ತಿದ್ದರು.

ನನಗೆ ಆಗ ಹನ್ನೆರಡು ವರ್ಷ. ನಮ್ಮೂರ ದೇವಾಲಯದ ಆವರಣದಲ್ಲಿ ಕ್ರಿಸ್ಮಸ್ ಕಾರ್ಯಕ್ರಮ. ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಹುಡುಗ ಒಂಟಿಯಾಗಿ ಹಾಡಲು ನಿಂತ. ಗಾಯನವೃಂದದಲ್ಲಿ ಒಳ್ಳೆಯ ಹೆಸರು ಪಡೆದಿದ್ದವನು. ಆದರೆ ಅದು ದನಿ ಒಡೆಯುವ ವಯಸ್ಸು. ಎರಡನೇ ಚರಣಕ್ಕೆ ಬರುವಾಗ ದನಿ ಒಡೆದು ಕೀರಲಾಯಿತು. ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮುಂದಿನ ಚಾಪೆಯ ಮೇಲೆ ಕುಳಿತಿದ್ದ ನಾನು ಅವನಂತೆಯೇ ಕೀರಲು ದನಿ ತೆಗೆದು ಇನ್ನಷ್ಟು ನಗಿಸಿದೆ. ಅವನು ಹಾಡು ನಿಲ್ಲಿಸಿ ಇಳಿದುಹೋದ. ಮತ್ತೆ ಗಾಯನವೃಂದಕ್ಕೆ ಬರಲಿಲ್ಲ.

ಅವರು ಈಗ ಬಡಗಿ ಕೆಲಸ ಮಾಡುತ್ತಾರೆ. ಪ್ರತಿ ಭಾನುವಾರ ಬಲಿಪೂಜೆಗೆ ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಊರಿಗೆ ಹೋದಾಗ ಪೀಠದ ಮೇಲಿಂದ ನೋಡುತ್ತೇನೆ, ಎಲ್ಲರೂ ಹಾಡುವಾಗ ಅವರ ತುಟಿ ಅಲುಗುವುದಿಲ್ಲ. ಎಷ್ಟೋ ವರ್ಷ ಅದನ್ನು ನೋಡಿಯೂ ನನಗೆ ಏನೂ ಅನ್ನಿಸಿರಲಿಲ್ಲ.

ಅಮೆರಿಕದಿಂದ ಬಂದ ಮೇಲೆ ಅವರ ಮನೆಗೆ ಹೋದೆ. ಬಾಗಿಲಿಗೆ ಚೌಕಟ್ಟು ಕೂಡಿಸುತ್ತಿದ್ದರು. ಕಾಫಿ ಕೊಟ್ಟರು. ಆ ಕ್ರಿಸ್ಮಸ್ ರಾತ್ರಿಯ ಮಾತೆತ್ತಿ, "ಅಣ್ಣಾ, ಅಂದು ನಾನು ಮಾಡಿದ್ದು ತಪ್ಪು. ಕ್ಷಮಿಸಬೇಕು" ಎಂದೆ. ಅವರು ನಕ್ಕುಬಿಟ್ಟರು. "ಬಿಡಿ ಸ್ವಾಮಿ, ಯಾವ ಕಾಲದ್ದೋ. ನನಗೆ ನೆನಪೂ ಇಲ್ಲ" ಎಂದು ಉಳಿ ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನು ಹಾಡಿನ ಹೆಸರನ್ನೇ ಎತ್ತದಿದ್ದರೂ, "ಆ ಎರಡನೇ ಚರಣ ಸ್ವಲ್ಪ ಮೇಲಿನ ಸ್ಥಾಯಿ ಇತ್ತು" ಎಂದರು.

ನೆನಪಿಲ್ಲವಂತೆ! ಮೂವತ್ತು ವರ್ಷದ ಮೇಲೂ ಯಾವ ಚರಣದಲ್ಲಿ ದನಿ ಒಡೆಯಿತೆಂಬುದು ಅವರಿಗೆ ನೆನಪಿದೆ.

ಪ್ರಿಯ ವಾಚಕರೇ, ಒಂದು ಸಭೆ ಒಬ್ಬರಿಗೆ ದನಿ ಕೊಡಬಲ್ಲದು, ಒಬ್ಬರ ದನಿಯನ್ನು ಕಿತ್ತುಕೊಳ್ಳಲೂಬಲ್ಲದು. ಆ ಹಾಲಿವುಡ್ ಚಿತ್ರದ ಕೊನೆಯಲ್ಲಿ ಒಂದೇ ಸಭೆ ಒಂದೇ ರಾತ್ರಿಯಲ್ಲಿ ಎರಡನ್ನೂ ಮಾಡುತ್ತದೆ. ಕ್ಯಾಥಿಯನ್ನು ಬೆಳಕಿಗೆ ತರುತ್ತದೆ, ಲೀನಾಳನ್ನು ಓಡಿಸುತ್ತದೆ. ನಾವು ಸಭೆಯಾಗಿ ಕೂಡುವ ಕಡೆಗಳೆಲ್ಲ, ಚಿತ್ರಮಂದಿರವಾಗಲಿ, ಶಾಲೆಯ ವಾರ್ಷಿಕೋತ್ಸವವಾಗಲಿ, ಮನೆಯ ಊಟದ ಹೊತ್ತಾಗಲಿ, ಮೊಬೈಲಿನಲ್ಲಿ ಯಾರದೋ ಎಡವಟ್ಟಿನ ವಿಡಿಯೋವನ್ನು ಹತ್ತು ಜನರಿಗೆ ಕಳುಹಿಸುವ ಹೊತ್ತಾಗಲಿ, ಈ ಎರಡು ಶಕ್ತಿಗಳೂ ನಮ್ಮ ಕೈಯಲ್ಲಿರುತ್ತವೆ.

ಆದ್ದರಿಂದ ಹೋಗಿ, ಒಟ್ಟಾಗಿ ಕುಳಿತು ನೋಡಿ. ಮನೆಯಲ್ಲಿ ಅಜ್ಜಿ ಒಬ್ಬರೇ ಮೊಬೈಲ್ ಹಿಡಿದು ಕುಳಿತಿದ್ದರೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಿಗೆ ಬೇಕಾಗಿರುವುದು ಚಿತ್ರವಲ್ಲ, ನಗಲು ಒಂದು ಜೊತೆ. ಚಪ್ಪಾಳೆ ತಟ್ಟುವಾಗ ಹೆಸರು ಬಾರದವರನ್ನೂ ನೆನೆಯಿರಿ. ಎಲ್ಲರೂ ನಗುವಾಗ ನೀವೂ ನಗಿ, ಆದರೆ ಒಂದು ಕ್ಷಣ ಪಕ್ಕಕ್ಕೆ ತಿರುಗಿ ಯಾರು ನಗುತ್ತಿಲ್ಲ ಎಂದು ನೋಡಿ. ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲದಿರಬಹುದು.

ಕಳೆದ ಕ್ರಿಸ್ಮಸ್‌ಗೆ ನಮ್ಮ ಬಡಗಿಯಣ್ಣನನ್ನು ಹಾಡಲು ಕರೆದೆ. ತಲೆಯಾಡಿಸಿ ಬೇಡವೆಂದರು. ಈ ವರ್ಷವೂ ಕರೆಯುತ್ತೇನೆ.